ಹೊರಗೆ ನಿಲ್ಲೋದು ಯಾವಾಗಲೂ ಅದೇ ನಾಲ್ಕು ಮಕ್ಕಳೇಕೆ? ಸರ್ಕಾರಿ ಶಾಲೆಯ ಶಿಸ್ತು ಮತ್ತು ಮೇಷ್ಟ್ರ ಕಣ್ಣು

ಜಗಳೂರು ಮೇಷ್ಟ್ರು:
ಶಿಸ್ತಿನ ಮಾತು ಬಂದಾಗಲೆಲ್ಲ ನಾವು ಮಕ್ಕಳ ನಡತೆ ಬಗ್ಗೆ ಮಾತಾಡ್ತೀವಿ. ಆ ನಡತೆಗೆ ಹೆಸರು ಇಡೋರು ನಾವೇ ಅನ್ನೋದನ್ನ ಮರೀತೀವಿ. ಕೈ ಎತ್ತದೆ ಉತ್ತರ ಕೂಗಿದವನು ಒಬ್ಬನಾದರೆ "ಚುರುಕು", ಇನ್ನೊಬ್ಬನಾದರೆ "ಅಧಿಕಪ್ರಸಂಗಿ". ಪ್ರಶ್ನೆ ಕೇಳಿದಾಗ ತಲೆ ತಗ್ಗಿಸಿ ನಿಂತವಳು ಒಬ್ಬಳಾದರೆ "ಸಂಕೋಚ", ಇನ್ನೊಬ್ಬಳಾದರೆ "ಮೊಂಡು". ಮಾಡಿದ್ದು ಒಂದೇ, ಸಿಕ್ಕ ಹೆಸರು ಬೇರೆ, ಶಿಕ್ಷೆಯೂ ಬೇರೆ.

ಇದನ್ನ ಹಿಡಿಯೋಕೆ ಒಂದು ಲಾಂಗ್ ನೋಟ್‌ಬುಕ್ ಸಾಕು. ಆರು ಕಾಲಂ ಎಳೀರಿ: ದಿನಾಂಕ ಮತ್ತು ಪಿರಿಯಡ್, ಮಗುವಿನ ಹಾಜರಿ ಸಂಖ್ಯೆ, ಕಣ್ಣಿಗೆ ಕಂಡದ್ದು, ಆಗ ನಡೀತಿದ್ದ ಕೆಲಸ (ಬೋರ್ಡ್ ನೋಡಿ ಬರೆಯೋದೋ, ಗಟ್ಟಿ ಓದೋ, ಗುಂಪು ಚಟುವಟಿಕೆಯೋ), ತಗೊಂಡ ಕ್ರಮ, ಮಗು ಪಾಠದಿಂದ ಹೊರಗಿದ್ದ ನಿಮಿಷ. ಮೂರನೇ ಕಾಲಂಗೆ ಒಂದೇ ನಿಯಮ: ಕ್ರಿಯಾಪದ ಬರೀರಿ, ಗುಣ ಬರೀಬೇಡಿ. "ಉಡಾಫೆ ಮಾಡಿದ" ಅಂತ ಬೇಡ. "ಎದ್ದು ನಿಲ್ಲು ಅಂದಾಗ ನಿಲ್ಲಲಿಲ್ಲ, ಕಿಟಕಿ ಕಡೆ ನೋಡಿದ" ಅಂತ ಬರೀರಿ. ಹೀಗೆ ಬರೆಯೋಕೆ ಕೂತಾಗ ಎಷ್ಟೋ ಸಲ ಬರೆಯೋಕೆ ಏನೂ ಸಿಗಲ್ಲ. ಕೋಪ ಬಂದಿದ್ದು ನಿಜ, ಆದರೆ ಮಗು ಏನು ಮಾಡಿತು ಅನ್ನೋಕೆ ಮಾತಿಲ್ಲ.

ಎಂಟು ವಾರ ಬರೆದು ಆಮೇಲೆ ಎಣಿಸಿ. ಬೇರೆ ಶಾಲೆಯೋರು ಏನು ಮಾಡ್ತಿದೀರಿ ಹೇಳಿ.

ದುರ್ಗದ ತರಬೇತಿದಾರ:
ಎಣಿಸೋ ಕ್ರಮ ಸ್ವಲ್ಪ ಬಿಡಿಸಿ ಹೇಳ್ತೀನಿ, ಎಡವೋದು ಅಲ್ಲೇ.

36 ಮಕ್ಕಳ ತರಗತಿ ಅಂದ್ಕೊಳ್ಳಿ. 12 ಮಕ್ಕಳು ತಾಂಡಾದಿಂದ, 24 ಊರಿಂದ. ಎಂಟು ವಾರದಲ್ಲಿ 45 ನಮೂದು, ಅದರಲ್ಲಿ 27 ತಾಂಡಾದ ಮಕ್ಕಳದು. ತಾಂಡಾದ ಮಗು ಒಂದಕ್ಕೆ 2.25, ಊರಿನ ಮಗು ಒಂದಕ್ಕೆ 0.75. ಮೂರು ಪಟ್ಟು. ಇಲ್ಲಿಗೇ ನಿಲ್ಲಿಸಿದರೆ ತಪ್ಪು ತೀರ್ಮಾನಕ್ಕೆ ಬರ್ತೀರಿ. 27ರಲ್ಲಿ 15 ಒಬ್ಬನೇ ಹುಡುಗನದು ಆಗಿದ್ದರೆ, ಅವನನ್ನ ಬಿಟ್ಟು ಉಳಿದ 11 ಮಕ್ಕಳಿಗೆ 12 ನಮೂದು, ತಲಾ 1.09. ಅಂತರ ಮೂರು ಪಟ್ಟಿನಿಂದ ಸುಮಾರು ಒಂದೂವರೆ ಪಟ್ಟಿಗೆ ಇಳಿಯುತ್ತೆ. ಹಾಗಾಗಿ ನಮೂದು ಎಷ್ಟು ಅನ್ನೋದನ್ನೂ, ಎಷ್ಟು ಬೇರೆ ಬೇರೆ ಮಕ್ಕಳು ಅನ್ನೋದನ್ನೂ ಪಕ್ಕಪಕ್ಕದಲ್ಲಿ ಬರೀಬೇಕು. ಆ ಒಬ್ಬ ಹುಡುಗನ ವಿಷಯ ಬೇರೆಯಾಗಿ ನೋಡಬೇಕಾದ್ದು.

ಆಮೇಲೆ ನಮೂದುಗಳನ್ನ ಎರಡು ಗುಂಪು ಮಾಡಿ. ಯಾರು ನೋಡಿದರೂ ಒಂದೇ ರೀತಿ ಕಾಣೋವು ಒಂದು ಕಡೆ: ತಡವಾಗಿ ಬಂದದ್ದು, ಹೊಡೆದದ್ದು, ಮನೆಗೆಲಸ ತರದೇ ಇದ್ದದ್ದು. ನೋಡೋರ ಮನಸ್ಸಿನ ಮೇಲೆ ನಿಂತಿರೋವು ಇನ್ನೊಂದು ಕಡೆ: ಎದುರುತ್ತರ, ಗಲಾಟೆ, ಅಗೌರವ. ಅಮೆರಿಕದಲ್ಲಿ ಸ್ಕಿಬಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಎದ್ದು ಕಂಡಿದ್ದು. ಬಿಳಿಯ ಮಕ್ಕಳನ್ನ ಹೆಚ್ಚಾಗಿ ಕಚೇರಿಗೆ ಕಳಿಸಿದ್ದು ಸಿಗರೇಟು ಸೇದಿದ್ದಕ್ಕೆ, ವಸ್ತು ಒಡೆದದ್ದಕ್ಕೆ. ಕಪ್ಪು ಮಕ್ಕಳನ್ನ ಅಗೌರವ, ಅತಿಯಾದ ಗದ್ದಲ ಅನ್ನೋ ಕಾರಣಕ್ಕೆ. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2018ರ ವರದಿ ಪ್ರಕಾರ, 2013-14ರಲ್ಲಿ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಕಪ್ಪು ಮಕ್ಕಳು 15.5%, ಅಮಾನತಾದವರಲ್ಲಿ ಅವರ ಪಾಲು ಸುಮಾರು 39%.

ನಮ್ಮಲ್ಲೂ ಅಂತರ ಎರಡನೇ ಗುಂಪಿನಲ್ಲೇ ತುಂಬಿಕೊಂಡಿದ್ದರೆ ರಿಪೇರಿ ಆಗಬೇಕಾದ್ದು ನಮ್ಮ ಕಣ್ಣು. ಮೊದಲನೇ ಗುಂಪಿನಲ್ಲಿದ್ದರೆ ಬಸ್ಸಿನ ವೇಳೆ, ನಲ್ಲಿ ನೀರಿನ ಸರದಿ, ಮೆಕ್ಕೆಜೋಳದ ಕೊಯ್ಲು, ಇಂಥವನ್ನ ಹುಡುಕಬೇಕು. ತಾಂಡಾದ ಬಸ್ಸೇ ಪ್ರಾರ್ಥನೆ ಮುಗಿದ ಮೇಲೆ ಬಂದರೆ ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿಸಿದ್ದಕ್ಕೆ ಬಸ್ಸೇನೂ ಬೇಗ ಬರಲ್ಲ.

ಹರಿಹರ ಎಚ್ಎಂ:
ಸರ್, ಒಂದು ಅಪಾಯ ನೀವಿಬ್ಬರೂ ಹೇಳಲಿಲ್ಲ. ಆ ಪುಸ್ತಕ ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿದ್ದರೆ ಅದೇ ಹಣೆಪಟ್ಟಿ ಆಗುತ್ತೆ. ಹೊಸದಾಗಿ ವರ್ಗವಾಗಿ ಬಂದ ಮೇಡಂ ಪುಟ ತಿರುವಿ ನೋಡಿ, 17ನೇ ನಂಬರ್ ಹುಡುಗನ್ನ ಮೊದಲ ದಿನದಿಂದಲೇ ಬೇರೆ ಕಣ್ಣಲ್ಲಿ ನೋಡ್ತಾರೆ. ಜೂನ್‌ನಲ್ಲಿ ಕ್ಲಾಸ್ ಹಸ್ತಾಂತರ ಮಾಡುವಾಗ "ಇವನ ಮೇಲೆ ಒಂದು ಕಣ್ಣಿರಲಿ" ಅಂತ ಬಾಯಲ್ಲಿ ಹೇಳೋದನ್ನೇ ಇಲ್ಲಿ ಬರಹದಲ್ಲಿ ಮಾಡಿದ ಹಾಗೆ.

ದುರ್ಗದ ತರಬೇತಿದಾರ:
ಖಂಡಿತ ಸರ್. ಒಕೊನೊಫುವಾ ಮತ್ತು ಎಬರ್‌ಹಾರ್ಟ್ 2015ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿದ್ದು. ಒಂದೇ ಹುಡುಗನ ಎರಡು ಸಣ್ಣ ತಪ್ಪಿನ ದಾಖಲೆಯನ್ನ ಶಿಕ್ಷಕರಿಗೆ ಓದೋಕೆ ಕೊಟ್ಟರು. ಬದಲಾಗಿದ್ದು ಹೆಸರು ಮಾತ್ರ, ಕೆಲವರಿಗೆ ಕಪ್ಪು ಮಕ್ಕಳಿಗೆ ಇಡೋ ಹೆಸರು, ಕೆಲವರಿಗೆ ಬಿಳಿಯ ಮಕ್ಕಳದು. ಮೊದಲ ತಪ್ಪಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎರಡನೇ ತಪ್ಪಿಗೆ ಬಂದಾಗ ಕಪ್ಪು ಹೆಸರಿನ ಹುಡುಗನ ಮೇಲೆ ಸಿಟ್ಟು ಜಾಸ್ತಿ, ಕಠಿಣ ಶಿಕ್ಷೆ ಬೇಕು ಅನ್ನೋದೂ ಜಾಸ್ತಿ. ಮೊದಲನೆಯದನ್ನ ಎರಡನೆಯದಕ್ಕೆ ಗಂಟು ಹಾಕಿ "ಇವನು ಇಂಥವನೇ" ಅಂತ ಓದಿಕೊಂಡರು.

ಅದಕ್ಕೇ ಪುಸ್ತಕ ದಿನಕ್ಕೊಂದು ಪುಟ ಇರಬೇಕು. ಮಗುವಿಗೊಂದು ಪುಟ ಯಾವ ಕಾರಣಕ್ಕೂ ಬೇಡ. ಬೀರು ಒಳಗೆ, ಎಚ್ಎಂ (ಮುಖ್ಯ ಶಿಕ್ಷಕರು) ಹತ್ತಿರ ಕೀಲಿ. ವರ್ಷದ ಕೊನೆಗೆ ಮೊತ್ತ ಬರೆದಿಟ್ಟುಕೊಂಡು ಪುಟಗಳನ್ನ ಹರಿದು ಹಾಕಿ, ಮುಂದಿನ ತರಗತಿಗೆ ಹೋಗೋದು ಬೇಡ.

ಚಳ್ಳಕೆರೆ ಮೇಡಂ:
ಜಾತಿಯ ಕಾಲಂ ಹಾಕಬೇಕೋ ಬೇಡವೋ? ಹಾಕದಿದ್ದರೆ ಅಂತರ ಹೇಗೆ ಗೊತ್ತಾಗುತ್ತೆ?

ಹರಿಹರ ಎಚ್ಎಂ:
ಪುಸ್ತಕದಲ್ಲಿ ಬೇಡ ಮೇಡಂ. ಸ್ಯಾಟ್ಸ್‌ನಲ್ಲಿ (ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶ) ಜಾತಿ ವರ್ಗ, ವಾಸಸ್ಥಳ ಎರಡೂ ಇವೆ. ಶಾಲೆಯ ಒಂದು ಅವಧಿಗೆ (ಟರ್ಮ್‌ಗೆ) ಎರಡೇ ಸಲ ಎಚ್ಎಂ ಒಬ್ಬರೇ ಕೂತು ಹಾಜರಿ ಸಂಖ್ಯೆ ಹೊಂದಿಸಿ ಬಿಡಿ ಹಾಳೆಯಲ್ಲಿ ಮೊತ್ತ ತೆಗೀಬೇಕು. ಸಭೆಯಲ್ಲಿ ಹೇಳೋದು ಮೊತ್ತ ಮಾತ್ರ. ಹೆಸರು ಬಂದ ಕೂಡಲೇ ಚರ್ಚೆ ಆ ಮಗುವಿನ ಅಪ್ಪ ಅಮ್ಮನ ಕಡೆ ತಿರುಗುತ್ತೆ. ಜಾತಿ ಹೆಸರು ಹೇಳಿದರೆ ಮಗುವಿಗೇ ಏಟು. ಹಾಫ್ ಮತ್ತು ಪಾಂಡೆ ಉತ್ತರ ಪ್ರದೇಶದ ಹಳ್ಳಿಯ 6, 7ನೇ ತರಗತಿ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕೋ ಒಗಟು ಕೊಟ್ಟಿದ್ದರು. ಜಾತಿ ಹೇಳದೇ ಇದ್ದಾಗ ಎಲ್ಲರೂ ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಎಲ್ಲರ ಮುಂದೆ ಜಾತಿ ಓದಿ ಹೇಳಿದಾಗ ದಲಿತ ಮಕ್ಕಳು ಬಿಡಿಸಿದ ಒಗಟಿನ ಸಂಖ್ಯೆ ಕುಸಿಯಿತು. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ "ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಅನ್ನೋ ರೂಢಿ ಎಷ್ಟು ಶಾಲೆಯಲ್ಲಿದೆ ನೋಡಿ. ಒಂದು ಚೀಟಿಯಲ್ಲಿ ಹಾಜರಿ ಸಂಖ್ಯೆ ಬರೆದು ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದರೆ ಆಗೋ ಕೆಲಸ ಅದು.

ಚಳ್ಳಕೆರೆ ಮೇಡಂ:
ಒಪ್ಪಿದೆ. ಹಾಗಾದರೆ ಮಾನಿಟರ್ ವಿಷಯನೂ ಸೇರಿಸಿ. ಮೇಷ್ಟ್ರು ಆಫೀಸಿಗೆ ಹೋದಾಗ ಮಾನಿಟರ್ ಬೋರ್ಡ್ ಮೇಲೆ "ಮಾತಾಡಿದವರು" ಅಂತ ಹೆಸರು ಬರೀತಾನೆ, ಎರಡನೇ ಸಲಕ್ಕೆ ಪಕ್ಕದಲ್ಲಿ ಇಂಟು ಗುರುತು. ಮಾನಿಟರ್ ಆಗೋದು ಯಾರು? ಮುಂದಿನ ಬೆಂಚಿನವನು, ಮೇಷ್ಟ್ರಿಗೆ ಗೊತ್ತಿರೋ ಮನೆಯವನು. ಅವನು ತನ್ನ ಗೆಳೆಯರ ಹೆಸರು ಬರೆಯಲ್ಲ. ಊರಿನ ಜಗಳ, ಕೇರಿಯ ದೂರ ಎಲ್ಲ ಆ ಬೋರ್ಡ್ ಮೇಲೆ ಬರುತ್ತೆ. ಮೇಷ್ಟ್ರು ವಾಪಸ್ ಬಂದು ತಾವು ನೋಡದೇ ಇದ್ದದ್ದಕ್ಕೆ ಶಿಕ್ಷೆ ಕೊಡ್ತಾರೆ.

ಬೋರ್ಡ್ ಮೇಲೆ ಹೆಸರು ಬರೆಸೋದನ್ನ ಪೂರ್ತಿ ನಿಲ್ಲಿಸಿ. ಮಾನಿಟರ್ ಕೆಲಸ ಸೀಮೆಸುಣ್ಣ, ಡಸ್ಟರ್, ಇವತ್ತು ಎಷ್ಟು ಮಂದಿ ಬಂದಿದಾರೆ ಅಂತ ಬರೆಯೋದು, ಇಷ್ಟಕ್ಕೇ ಇರಲಿ. ವಾರಕ್ಕೊಬ್ಬರು, ಹಾಜರಿ ಪುಸ್ತಕದ ಕ್ರಮದಲ್ಲಿ. 36 ಮಕ್ಕಳಿಗೆ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದು ಸರದಿ ಸಿಗುತ್ತೆ. ಕಸ ಗುಡಿಸೋದು, ಗಿಡಕ್ಕೆ ನೀರು, ಬಿಸಿಯೂಟಕ್ಕೆ ಕೂರೋ ಸಾಲು ಇವೂ ಅದೇ ಕ್ರಮಕ್ಕೆ ಬರಲಿ. ಶೌಚಾಲಯ ತೊಳೆಸೋದಂತೂ ಯಾವ ಮಗುವಿನ ಕೈಯಲ್ಲೂ ಸಲ್ಲ, ಶಿಕ್ಷೆಯಾಗಿಯೂ ಸಲ್ಲ, ಸರದಿಯಾಗಿಯೂ ಸಲ್ಲ.

ಐಇ (ಸಮನ್ವಯ ಶಿಕ್ಷಣ) ಸಂಪನ್ಮೂಲ ಶಿಕ್ಷಕಿ:
ವಿಶೇಷ ಅಗತ್ಯವುಳ್ಳ ಮಕ್ಕಳ ಕಡೆಯಿಂದ ಒಂದಷ್ಟು. "ಉಡಾಫೆ" ಅಂತ ಕರೆಸಿಕೊಂಡವರಲ್ಲಿ ಎಷ್ಟೋ ಮಕ್ಕಳಿಗೆ ಕೇಳಿಸಲ್ಲ, ಇಲ್ಲ ಕಾಣಲ್ಲ.

ಕಿವಿ ಸೋರೋ ಮಗುವಿಗೆ ಒಂದು ದಿನ ಕೇಳಿಸುತ್ತೆ, ಒಂದು ದಿನ ಇಲ್ಲ. ಅದಕ್ಕೇ "ಬೇಕು ಅಂದಾಗ ಕೇಳಿಸುತ್ತೆ ಇವನಿಗೆ" ಅನ್ನೋ ಮಾತು ಬರೋದು. ಮಗುವಿನ ಹಿಂದೆ ಮೂರು ಮೀಟರ್ ದೂರ ನಿಂತು ಮಾಮೂಲಿ ದನಿಯಲ್ಲಿ ಹೆಸರು ಕರೀರಿ, ಆಮೇಲೆ ಎರಡು ಅಂಕಿ ಹೇಳಿ ತಿರುಗಿ ಹೇಳೋಕೆ ಕೇಳಿ. ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಗದ್ದಲದ ಹೊತ್ತಲ್ಲಿ ಮಾಡಬೇಡಿ. ಎರಡು ಬೇರೆ ಬೇರೆ ದಿನ ತಪ್ಪಿದರೆ ಆರ್‌ಬಿಎಸ್‌ಕೆ ತಂಡಕ್ಕೆ (ಶಾಲೆಗೆ ಬರೋ ಸರ್ಕಾರಿ ಮಕ್ಕಳ ಆರೋಗ್ಯ ತಂಡ) ಬರೆದುಕೊಡಿ, ಅಲ್ಲಿವರೆಗೆ ಮುಂದೆ ಕೂರಿಸಿ. ಇದು ತಪಾಸಣೆಯ ಮೊದಲ ಮೆಟ್ಟಿಲು ಅಷ್ಟೇ, ಕಾಯಿಲೆ ಇದೆಯೋ ಇಲ್ಲವೋ ಹೇಳೋದು ವೈದ್ಯರ ಕೆಲಸ. ಕಣ್ಣಿಗಾದರೆ, ಬೋರ್ಡ್‌ನಿಂದ ಬರೆದುಕೊಳ್ಳುವಾಗ ಪಕ್ಕದವನ ಪುಸ್ತಕಕ್ಕೆ ಬಗ್ಗೋ ಮಗುವನ್ನ "ನಕಲು ಹೊಡೀತಾನೆ" ಅನ್ನೋ ಮುಂಚೆ ಎರಡು ಬೆಂಚು ಮುಂದೆ ಕೂರಿಸಿ ನೋಡಿ. ಬಗ್ಗೋದು ನಿಂತರೆ ಕಾರಣ ಸಿಕ್ಕಿತು.

ನಿದ್ದೆ ಮಾಡೋ ಮಕ್ಕಳ ಬಗ್ಗೆ: ರೆಪ್ಪೆ ಒಳಭಾಗ, ಉಗುರು ಬಿಳಿಚಿಕೊಂಡಿದೆಯಾ ನೋಡಿ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ನಿಜವಾಗಿ ನುಂಗಿದಾರಾ, ಊಟ ಆದ ಮೇಲೆ ಕೊಟ್ಟಿದೀರಾ? ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸುತ್ತೆ, ಮುಂದಿನ ವಾರ ಮಗು ಮಾತ್ರೆ ಉಗೀತಾಳೆ, ಅದಕ್ಕೂ "ಹಟಮಾರಿ" ಅನ್ನಿಸಿಕೊಳ್ತಾಳೆ.

ಇನ್ನೊಂದು ನಮ್ಮ ಸೀಮೆಯದೇ. ಜಗಳೂರು, ಮೊಳಕಾಲ್ಮೂರು ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ತಕ್ಕದ್ದಲ್ಲ. ಹಲ್ಲು ಒಳಗೆ ರೂಪುಗೊಳ್ಳೋ ಚಿಕ್ಕ ವಯಸ್ಸಲ್ಲಿ ಅಂಥ ನೀರು ಕುಡಿದ ಮಗುವಿಗೆ ಹಲ್ಲು ಹುಟ್ಟುವಾಗಲೇ ಮಚ್ಚೆ ಹೊತ್ತು ಬರಬಹುದು, ಆಮೇಲೆ ಅದು ಕಂದು ಕಲೆ ಆಗುತ್ತೆ. ಉಜ್ಜಿದರೆ ಹೋಗಲ್ಲ. ಪ್ರಾರ್ಥನೆ ಸಾಲಲ್ಲಿ ಉಗುರು, ಹಲ್ಲು, ತಲೆ ನೋಡಿ "ಹಲ್ಲುಜ್ಜದೆ ಬಂದಿದೀಯ" ಅಂತ ಎಲ್ಲರ ಮುಂದೆ ನಿಲ್ಲಿಸಿದರೆ, ಊರಿನ ನೀರಿನ ತಪ್ಪಿಗೆ ಮಗುವಿಗೆ ಅವಮಾನ. ದಯವಿಟ್ಟು ಸಾಲಲ್ಲಿ ಹಲ್ಲು ನೋಡೋದನ್ನ ಬಿಡಿ.

ಜಗಳೂರು ಮೇಷ್ಟ್ರು:
ಮೇಡಂ, ಹಲ್ಲಿನ ಮಾತು ಇಲ್ಲಿ ಬರಬೇಕಿತ್ತು, ಬಂತು. ನನ್ನ ಆರು ಕಾಲಂ ಪುಸ್ತಕದಲ್ಲಿ ಅದು ಬರ್ತಿರಲಿಲ್ಲ, ಅದನ್ನ ನಾವು ಶಿಕ್ಷೆ ಅಂತಲೇ ಅಂದ್ಕೊಂಡಿಲ್ಲ.

ಭಾಷೆ ಬಗ್ಗೆ ಒಂದು ಮಾತು ಸೇರಿಸ್ತೀನಿ. ಹಳ್ಳಿ ಮನೆಯಲ್ಲಿ "ಅಪ್ಪ ಬಂದ", "ಅಜ್ಜ ಕರೀತಾನೆ" ಅನ್ನೋದು ಪ್ರೀತಿಯ ಮಾತು. ಅದೇ ಬಾಯಿ ಶಾಲೆಗೆ ಬಂದು "ಮೇಷ್ಟ್ರು ಬಂದ" ಅಂದರೆ ಪೇಟೆಯಲ್ಲಿ ಬೆಳೆದ ಶಿಕ್ಷಕರಿಗೆ ಸೊಕ್ಕು ಅನ್ನಿಸುತ್ತೆ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಮಾತಾಡೋ ಮಗುವಿಗೆ ಕನ್ನಡದ ಬಹುವಚನ ಶಾಲೆಯಲ್ಲೇ ಕಲಿಯಬೇಕಾದ ಪಾಠ. ಕಾಗುಣಿತದ ಹಾಗೆ ಅದನ್ನೂ ಕಲಿಸಬೇಕು: ಮಗು ಹೇಳಿದ ವಾಕ್ಯವನ್ನೇ "ಮೇಷ್ಟ್ರು ಬಂದರು" ಅಂತ ನಾವು ಒಮ್ಮೆ ಹೇಳಿ ಮುಂದೆ ಹೋಗಬೇಕು. ಕಾಗುಣಿತ ತಪ್ಪಿಗೆ ಯಾರೂ ಹೊರಗೆ ನಿಲ್ಲಿಸಲ್ಲ.

ದಾವಣಗೆರೆ ಹೈಸ್ಕೂಲ್:
ಎಲ್ಲ ಸರಿ ಸರ್. 8ನೇ ತರಗತಿ ಒಂದೇ ಸೆಕ್ಷನ್‌ನಲ್ಲಿ 60 ಮಕ್ಕಳು, ಪಿರಿಯಡ್ 40 ನಿಮಿಷ, ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆ ಬಂದರೆ ನೋಟಿಸ್. ಬೆತ್ತ ಬೇಡ ಅಂತಾರೆ, ಹೊರಗೆ ಕಳಿಸಬೇಡಿ ಅಂತಾರೆ. ಪೋಷಕರೇ ಬಂದು "ನಾಲ್ಕು ಬಿಗಿದು ಬುದ್ಧಿ ಕಲಿಸಿ" ಅಂತಾರೆ. ಆರು ಕಾಲಂ ಯಾವಾಗ ಬರೆಯೋದು?

ಹರಿಹರ ಎಚ್ಎಂ:
ನಿಮ್ಮ ಕಷ್ಟ ನಿಜ. ಮೊದಲು ಕಾನೂನು ಒಂದು ಸಾಲಲ್ಲಿ: ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ, ಪೋಷಕರು ಒಪ್ಪಿದರೆ ಆಗಬಹುದು ಅನ್ನೋ ವಿನಾಯಿತಿ ಅದರಲ್ಲಿಲ್ಲ. 14 ದಾಟಿದವರಿಗೂ, 18 ತುಂಬೋವರೆಗೆ, ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್ ಇದೆ, ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ವಿಧಿಸೋದು ಅದು. ಟಿಸಿ ಕೊಟ್ಟು ಕಳಿಸ್ತೀನಿ ಅಂತ ಹೆದರಿಸೋದೂ ಬೇಡ, ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿ, ಮುಗಿಯೋವರೆಗೆ ಮಗುವನ್ನ ಶಾಲೆಯಿಂದ ಹೊರಹಾಕೋ ಹಾಗಿಲ್ಲ.

ಇನ್ನು ಲೆಕ್ಕ. ಒಬ್ಬ ಹುಡುಗನನ್ನ ವಾರಕ್ಕೆ ಮೂರು ಸಲ, ಸಲಕ್ಕೆ ಹತ್ತು ನಿಮಿಷ ಹೊರಗೆ ನಿಲ್ಲಿಸಿದರೆ 30 ವಾರಕ್ಕೆ 900 ನಿಮಿಷ. ನಿಮ್ಮ 40 ನಿಮಿಷದ ಪಿರಿಯಡ್‌ನಲ್ಲಿ 22ಕ್ಕಿಂತ ಹೆಚ್ಚು. ಆ ಪಾಠ ತಪ್ಪಿದವನೇ ಪರೀಕ್ಷೆಯಲ್ಲಿ ಫೇಲ್ ಆಗೋದು, ನಿಮಗೆ ನೋಟಿಸ್ ಬರೋದು. ಹೊರಗೆ ಹಾಕಿ ಫಲಿತಾಂಶ ಏರಿಸೋಕಾಗಲ್ಲ.

ದುರ್ಗದ ತರಬೇತಿದಾರ:
60 ಮಕ್ಕಳಿಗೆ ಆರು ಕಾಲಂ ಆಗಲ್ಲ, ಒಪ್ಪುತ್ತೇನೆ. ಹೈಸ್ಕೂಲಿಗೆ ಮೂರು ಸಾಕು: ಸಂಖ್ಯೆ, ಕಂಡದ್ದು, ಹೊರಗಿದ್ದ ನಿಮಿಷ. ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಒಂದು ನಿಮಿಷದಲ್ಲಿ ಬರೀರಿ. ಸಂಜೆಗೆ ಉಳಿಸಬೇಡಿ. ಸಂಜೆ ನೆನಪಾಗೋದು ನಮಗೆ ಮೊದಲೇ ಬೇಡವಾದ ಮಕ್ಕಳು ಮಾತ್ರ.

ತರಗತಿಯಲ್ಲಿ ಏನು ಮಾಡೋದು ಅಂದರೆ, ಸದ್ದು ಮಾಡಿದವನ ಹೆಸರು ದೂರದಿಂದ ಕೂಗಬೇಡಿ. ಪಾಠ ನಿಲ್ಲಿಸದೆ ನಡೆದು ಅವನ ಬೆಂಚಿನ ಪಕ್ಕ ನಿಂತು ಅಲ್ಲಿಂದಲೇ ಎರಡು ವಾಕ್ಯ ಪಾಠ ಮಾಡಿ. ಹೆಚ್ಚಿನ ಸಲ ಅಷ್ಟಕ್ಕೇ ಮುಗಿಯುತ್ತೆ. ಮುಗಿಯದಿದ್ದರೆ ತಗ್ಗಿದ ದನಿಯಲ್ಲಿ ಅವನೊಬ್ಬನಿಗೇ ಕೇಳೋ ಹಾಗೆ ಮಾಡಬೇಕಾದ ಕೆಲಸ ಹೇಳಿ: "ಲೆಕ್ಕ 4 ಶುರು ಮಾಡು." ಉತ್ತರಕ್ಕೆ ಕಾದು ನಿಲ್ಲಬೇಡಿ, ನಿಂತರೆ ಇಡೀ ತರಗತಿ ಪಂದ್ಯ ನೋಡೋಕೆ ಕೂರುತ್ತೆ, ಅವನಿಗೂ ಸೋಲೋಕಾಗಲ್ಲ, ನಮಗೂ ಸೋಲೋಕಾಗಲ್ಲ. ಬೆಲ್ ಆದ ಮೇಲೆ ಎರಡು ನಿಮಿಷ ಒಬ್ಬನೇ ಕರೆಸಿ. "ಯಾಕೆ ಹಿಂಗೆ ಮಾಡ್ದೆ" ಅಂದರೆ ಸುಳ್ಳು ಬರುತ್ತೆ. "ಏನಾಯ್ತು?" ಅನ್ನಿ, "ಯಾರಿಗೆ ತೊಂದರೆ ಆಯ್ತು?" ಅನ್ನಿ, "ನಾಳೆ ಏನು ಮಾಡ್ತೀಯ?" ಅನ್ನಿ. ಕ್ಯಾಲಿಫೋರ್ನಿಯಾದ ಐದು ಮಾಧ್ಯಮಿಕ ಶಾಲೆಗಳಲ್ಲಿ ಗಣಿತ ಶಿಕ್ಷಕರಿಗೆ ಮಕ್ಕಳ ಕಡೆಯಿಂದ ಯೋಚಿಸೋ ಒಂದು ಚಿಕ್ಕ ಅಭ್ಯಾಸ ಕೊಟ್ಟಿದ್ದರು. 2016ರಲ್ಲಿ ಪ್ರಕಟವಾದ ಫಲಿತಾಂಶ: ಆ ವರ್ಷ ಅಮಾನತಾದ ಮಕ್ಕಳು ಬೇರೆ ಶಿಕ್ಷಕರ ಗುಂಪಿನಲ್ಲಿ 9.6%, ಇವರ ಗುಂಪಿನಲ್ಲಿ 4.8%.

ಚಳ್ಳಕೆರೆ ಮೇಡಂ:
ಹುಡುಗಿಯರು ಈ ಪುಸ್ತಕದಲ್ಲಿ ಕಾಣಿಸೋದೇ ಕಡಿಮೆ. "ಪಾಪ, ಸುಮ್ಮನಿರ್ತಾಳೆ" ಅನ್ನೋದೂ ಒಂದು ಹಣೆಪಟ್ಟಿಯೇ, ಅವಳಿಗೆ ಪ್ರಶ್ನೆಯೇ ಹೋಗಲ್ಲ. ಹಾಜರಿ ಸಂಖ್ಯೆ ಬರೆದ ಚೀಟಿಗಳನ್ನ ಡಬ್ಬಿಯಲ್ಲಿ ಹಾಕಿ ಎತ್ತಿ ಕೇಳಿ, ಕೇಳಿದ ಮೇಲೆ ಮನಸ್ಸಲ್ಲಿ ಮೂರು ಎಣಿಸೋವರೆಗೆ ಕಾಯಿರಿ. ದಡ್ಡರು ಅಂದ್ಕೊಂಡವರಿಗೆ ನಾವು ಕಾಯೋದು ಕಡಿಮೆ, ಅದು ನಮಗೆ ಗೊತ್ತೇ ಆಗಲ್ಲ.

ಗೈರುಹಾಜರಿ ಬಗ್ಗೆ: ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಇನ್ನೂ ಮುಟ್ಟಿನ ದಿನಗಳಲ್ಲಿ ಹೊರಗಿರಿಸೋ ಪದ್ಧತಿ ಇದೆ. 7, 8ನೇ ತರಗತಿ ಹುಡುಗಿ ಪ್ರತಿ ತಿಂಗಳು ಕೆಲವು ದಿನ ಬರದಿದ್ದರೆ ಹುಡುಗರ ಮುಂದೆ "ಎಲ್ಲಿ ಹೋಗಿದ್ದೆ" ಅಂತ ಕೇಳಬೇಡಿ. ಆ ದಿನದ ನೋಟ್ಸ್ ಬರೆದುಕೊಡೋಕೆ ಒಬ್ಬ ಗೆಳತಿಯನ್ನ ಗೊತ್ತು ಮಾಡಿ, ತಾಯಿಯ ಜೊತೆ ಶಿಕ್ಷಕಿಯೇ ಮಾತಾಡಲಿ. ಕಾಫಿ ಹಣ್ಣು ಬಿಡಿಸೋಕೆ ಮನೆಮಂದಿಯ ಜೊತೆ ಹೋಗೋ ತಾಂಡಾದ ಮಕ್ಕಳನ್ನೂ "ಓದೋ ಆಸೆ ಇಲ್ಲ" ಅಂತ ಬರೆದುಬಿಡ್ತೀವಿ. ಹೋಗೋ ಮುಂಚೆ ಯಾವ ತಾಲ್ಲೂಕು, ಎಷ್ಟು ತಿಂಗಳು ಅಂತ ಕೇಳಿ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ತಿಳಿಸಿದರೆ ಅಲ್ಲಿನ ಶಾಲೆಗೆ ಸೇರಿಸೋಕೆ ದಾರಿ ಇರುತ್ತೆ. ಹೆಸರು ಹೊಡೆದು ಹಾಕಿದರೆ ಬಾಗಿಲೇ ಮುಚ್ಚಿತು.

ದಾವಣಗೆರೆ ಹೈಸ್ಕೂಲ್:
ಆಂತರಿಕ ಅಂಕಕ್ಕೂ ಇದು ಹೊಂದುತ್ತೆ ಅನ್ನಿಸ್ತಿದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ ತಲಾ 20 ಅಂಕ ನಮ್ಮ ಕೈಯಲ್ಲೇ ಇದೆ.

ದುರ್ಗದ ತರಬೇತಿದಾರ:
ಹೌದು ಸರ್. ಹ್ಯಾನಾ ಮತ್ತು ಲಿಂಡೆನ್ ನಮ್ಮ ದೇಶದಲ್ಲೇ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯ್ತು. ಉತ್ತರ ಪತ್ರಿಕೆಗಳ ಮೇಲೆ ಜಾತಿ, ವಯಸ್ಸು, ಲಿಂಗವನ್ನ ಚೀಟಿ ಎತ್ತಿದ ಹಾಗೆ ಹಂಚಿ ಬರೆದು ಶಿಕ್ಷಕರಿಂದ ತಿದ್ದಿಸಿದರು. ಕೆಳಜಾತಿ ಅಂತ ಬರೆದ ಪತ್ರಿಕೆಗೆ ಅಂಕ ಸ್ವಲ್ಪ ಕಡಿಮೆ ಬಿತ್ತು, ಅದೂ ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲಿ ಹೆಚ್ಚು. ಕಡಿಮೆ ಕೊಟ್ಟವರಲ್ಲಿ ಕೆಳಜಾತಿಯ ಶಿಕ್ಷಕರೇ ಇದ್ದರು. ಹಾಗಾಗಿ ಇದನ್ನ ಮೇಲ್ಜಾತಿ ಮೇಷ್ಟ್ರ ದೋಷ ಅಂತ ಒಬ್ಬರ ಮೇಲೆ ಹಾಕಿ ಕೈತೊಳೆಯೋಕೆ ಬರಲ್ಲ. ನಾವೆಲ್ಲ ಇದೇ ಸಮಾಜದ ಗಾಳಿ ಕುಡಿದು ಬೆಳೆದವರು.

ತಿದ್ದೋ ಮುಂಚೆ ಉತ್ತರ ಸೂಚಿ ಬರೆದಿಟ್ಟುಕೊಳ್ಳಿ, ಯಾವ ಹಂತಕ್ಕೆ ಅರ್ಧ, ಯಾವುದಕ್ಕೆ ಒಂದು ಅಂತ. ಹೆಸರಿನ ಭಾಗ ಮಡಚಿ. ಎಲ್ಲರ 1ನೇ ಪ್ರಶ್ನೆ ತಿದ್ದಿ ಆಮೇಲೆ 2ಕ್ಕೆ ಹೋಗಿ. ಮೊದಲು ತಿದ್ದಿದ ಹತ್ತು ಪತ್ರಿಕೆಗಳನ್ನ ಕೊನೆಯಲ್ಲಿ ಇನ್ನೊಂದು ಸಲ ನೋಡಿ. ಕೈಬರಹ ಗುರುತು ಸಿಕ್ಕೇ ಸಿಗುತ್ತೆ, ಅದಕ್ಕೇ ಸೂಚಿ ಮುಖ್ಯ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಚನ್ನಗಿರಿ:
ಪೋಷಕರ ಕಡೆಯಿಂದ ಒಂದು ಪ್ರಶ್ನೆ. ಮಗು ಮನೆಗೆ ಬಂದು ಹೀಗಾಯ್ತು ಅಂದರೆ ಎಲ್ಲಿಗೆ ಹೋಗಬೇಕು? ಶಾಲೆಗೆ ಹೋಗಿ ಜಗಳ ಮಾಡಿದರೆ ಮಾರನೇ ದಿನ ಮಗುವಿಗೇ ಕಷ್ಟ.

ಹರಿಹರ ಎಚ್ಎಂ:
ಮೊದಲು ಎಚ್ಎಂಗೆ ಬರಹದಲ್ಲಿ ಕೊಡಿ, ದಿನಾಂಕ, ಹೊತ್ತು, ಏನು ನಡೆಯಿತು ಇಷ್ಟೇ. ಶಿಕ್ಷಕರ ಗುಣಾವಗುಣ ಬರೀಬೇಡಿ, ಇಲ್ಲೂ ಕ್ರಿಯಾಪದವೇ ಕೆಲಸ ಮಾಡೋದು. ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು, ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮಗುವಿಗೆ ಪೆಟ್ಟಾಗಿದ್ದರೆ, ಹೆದರಿಕೆ ಇದ್ದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಎಸ್‌ಡಿಎಂಸಿ ಸಭೆಯಲ್ಲಿ ಬಿಡಿ ಪ್ರಕರಣ ಎತ್ತಬೇಡಿ, ಅವಧಿಯ ಮೊತ್ತ ಕೇಳಿ. ಅದು ಕೇಳೋ ಹಕ್ಕು ನಿಮಗಿದೆ, ಮಗುವಿನ ಹೆಸರೂ ಹೊರಗೆ ಬರಲ್ಲ.

ದಾವಣಗೆರೆ ಹೈಸ್ಕೂಲ್:
ಸೋಮವಾರದಿಂದ 8ನೇ ತರಗತಿಗೆ ಮೂರು ಕಾಲಂ ಶುರು ಮಾಡ್ತೀವಿ, ಗಣಿತ ಮತ್ತು ಕನ್ನಡದವರು ಇಬ್ಬರೇ. ಎಂಟು ವಾರ ಅಂದರಿ, ಮಧ್ಯೆ ಎಣಿಸಬಹುದಾ?

ಜಗಳೂರು ಮೇಷ್ಟ್ರು:
ಬೇಡ ಸರ್. ಮಧ್ಯೆ ಎಣಿಸಿದರೆ ಕೈ ತಾನಾಗಿ ಸರಿಮಾಡೋಕೆ ಹೋಗುತ್ತೆ, ಊರಿನ ಹುಡುಗರ ಹೆಸರು ಬೇಕಂತಲೇ ನಾಲ್ಕು ಸೇರಿಕೊಳ್ಳುತ್ತೆ. ಇಬ್ಬರೂ ಬೇರೆ ಬೇರೆ ಪುಸ್ತಕ ಇಡಿ, ಒಬ್ಬರದ್ದು ಒಬ್ಬರು ನೋಡಬೇಡಿ. ಒಂದೇ ಹುಡುಗ ಗಣಿತದಲ್ಲಿ ಹತ್ತು ಸಲ, ಕನ್ನಡದಲ್ಲಿ ಒಂದೂ ಇಲ್ಲ ಅಂತ ಬಂದರೆ ಮಾತಾಡಬೇಕಾದ ಜಾಗ ಅಲ್ಲೇ ಸಿಗುತ್ತೆ. ಬರೆದ ಪುಟಗಳಿಗೆ ಒಂದು ಕ್ಲಿಪ್ ಹಾಕಿಬಿಡಿ, ನಿನ್ನೆಯದು ನೋಡದೆ ಇವತ್ತಿನದು ಬರೆಯೋಕಾಗಲಿ.